ಮೆಟ್ಟಿಲ ಬುಡದ ಟ್ರಾಲಿ

ನಾನು ಒಂದು ಟ್ರಾಲಿ. ಸಾಮಾನು ಹಾಕಿಕೊಂಡು ತಳ್ಳುವ, ಸರಿಗೆಯ ಬುಟ್ಟಿಯ, ನಾಲ್ಕು ಗಾಲಿಯ ಟ್ರಾಲಿ. ಕಾರ್ಖಾನೆಯಲ್ಲಿ ಉಕ್ಕಿನ ಸರಿಗೆಯನ್ನು ಬಗ್ಗಿಸಿ ಬೆಸೆದಾಗ ನನಗೆ ಮೈ ಬಂತು. ಹಿಡಿಕೆಗೆ ಕೆಂಪು ಪ್ಲಾಸ್ಟಿಕ್ ತೊಡಿಸಿದಾಗ ಮುಖ ಬಂದಂತಾಯಿತು. ಒಬ್ಬರ ಹೊಟ್ಟೆಯೊಳಗೆ ಒಬ್ಬರು ಮೂತಿ ತೂರಿಸಿಕೊಂಡು, ನಾವು ಅಣ್ಣತಮ್ಮಂದಿರೆಲ್ಲ ಲಾರಿ ಹತ್ತಿ ಹುಬ್ಬಳ್ಳಿಗೆ ಬಂದೆವು.

ಆಗ ಮಾಲ್ ಹೊಸದು. ನೆಲಮಹಡಿಯ ಒಂದು ತುದಿಗೆ ನಮ್ಮ ದಿನಸಿಯ ದೊಡ್ಡ ಅಂಗಡಿ, ಇನ್ನೊಂದು ತುದಿಗೆ ಬಟ್ಟೆಯದು. ಆ ಎರಡಕ್ಕಾಗಿ ಬಂದ ಜನವೇ ನಡುವಿನ ಸಣ್ಣ ಅಂಗಡಿಗಳನ್ನೂ ಸಾಕುತ್ತಿತ್ತು. ನೆಲದ ಹೊಳಪು ನೋಡಿ ಕೆಲವರು ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು. ನಾನು ಅಕ್ಕಿ ಹೊತ್ತೆ, ಎಣ್ಣೆ ಹೊತ್ತೆ, ಅಳುವ ಮಕ್ಕಳನ್ನು ಹೊತ್ತೆ. ಮೇಲಿನಿಂದ ಮುಖಗಳು ಬಾಗಿ ನನ್ನ ಬುಟ್ಟಿಯೊಳಗೆ ನೋಡುತ್ತಿದ್ದವು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಅದರಲ್ಲಿ ನನಗೇನೂ ಕೊರತೆ ಕಾಣಲಿಲ್ಲ.

ಆಮೇಲೆ ಬೈಪಾಸಿನ ಕಡೆ ಇನ್ನೂ ದೊಡ್ಡ ಮಾಲ್ ಎದ್ದಿತು. ಮೊದಲು ಬಟ್ಟೆಯ ಅಂಗಡಿ ಬಾಗಿಲು ಹಾಕಿತು, ಹಿಂದೆಯೇ ನಮ್ಮದು. ಕಪಾಟುಗಳನ್ನು, ಫ್ರಿಜ್‌ಗಳನ್ನು, ಗೋಡೆಯ ಮೇಲಿನ ಅಕ್ಷರಗಳನ್ನೂ ಕಿತ್ತು ಒಯ್ದರು. ನಮ್ಮನ್ನು ಮಾತ್ರ ಶಟರಿನ ಹೊರಗೆ ಬಿಟ್ಟು ಹೋದರು. ಕರೆಂಟಿನಿಂದ ತಾನೇ ಏರುವ ಮೆಟ್ಟಿಲು ನಿಂತಲ್ಲೇ ನಿಂತಿತು. ಉಳಿದದ್ದು ಒಂದು ಬಳೆ ಅಂಗಡಿ, ಮೊಬೈಲ್ ಕವರಿನದೊಂದು, ಮೂಲೆಯಲ್ಲಿ ಯಮನಕ್ಕನ ಖಾನಾವಳಿ. ಬಾಗಿಲು ಕಾಯಲು ಹಜರೇಸಾಬ. ಅಂಥ ದಿನಗಳಲ್ಲಿ ನನಗೆ ಮುರಿಗೆಪ್ಪನವರು ಸಿಕ್ಕರು.

ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಮಾಲಿನ ಹಿಂದಿನ ಓಣಿಯಲ್ಲೇ ಮನೆ. ಶ್ರಾವಣ ತಿಂಗಳಿಡೀ ಓಣಿಯ ಮಠದಲ್ಲಿ ಪುರಾಣ ಓದುವುದು ಅವರ ಪಾಲಿನ ಸೇವೆ. ಆ ವರ್ಷ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದು ಅದು ತಪ್ಪಿತು. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಮಠಕ್ಕೋ ಎತ್ತರದ ಮೆಟ್ಟಿಲು. ಇಬ್ಬರು ಹೊತ್ತು ತಂದು ಗದ್ದುಗೆಯ ಮುಂದೆ ಕೂರಿಸುತ್ತೇವೆಂದು ಓಣಿಯವರು ಹೇಳಿ ಕಳಿಸಿದರು.

"ನನ್ನ ಹೊತ್ತು ಒಯ್ಯೂದು ಒಮ್ಮೆ ಸಾಕು. ಅದಕ್ಕಿನ್ನೂ ಟೈಮ್ ಐತಿ ಅಂತ ಹೇಳ್ರಿ," ಎಂದರಂತೆ ಇವರು.

ಬೀದಿಯಲ್ಲಿ ವಾಹನಗಳ ಭಯ. ಅದಕ್ಕೇ ಹೆಂಡತಿ ಶಿವಗಂಗವ್ವ ಅವರನ್ನು ಬೆಳಗಿನ ಹೊತ್ತು ಖಾಲಿ ಮಾಲಿಗೆ ನಡೆಸಲು ತಂದರು. ಕೈಯಲ್ಲಿ ಹೊಸ ಊರುಗೋಲು.

"ಕೋಲು ಹಿಡಿದ್ರ ನಾ ಮುದುಕ ಆಗ್ತೇನಿ, ಒಲ್ಲೆ."

"ಈಗೇನ್ ಮದುಮಗ ಇದ್ದೀರೇನ್ರೀ?"

ಅವರು ಸುತ್ತ ನೋಡಿದರು. ನಾನು ಅವರ ಕಣ್ಣಿಗೆ ಬಿದ್ದೆ. ಹಿಡಿಕೆಯ ಮೇಲೆ ಎರಡೂ ಕೈ ಇಟ್ಟು, ಮೈಭಾರ ನನಗೆ ಕೊಟ್ಟು, ಮೆಲ್ಲನೆ ತಳ್ಳಿದರು. ಅಕ್ಕಿಯ ಭಾರ ನನಗೆ ಗೊತ್ತಿತ್ತು. ಮನುಷ್ಯನ ಹೆದರಿಕೆಗೂ ಭಾರವಿದೆ ಎಂದು ಅಂದು ತಿಳಿಯಿತು.

ಮರುದಿನ ಹಜರೇಸಾಬ ಕೇಳಿದ, "ಏನೇನ್ ಸಂತಿ ಮಾಡಿದ್ರಿ, ಯಜಮಾನ್ರ?"

"ಇನ್ನೂ ರೇಟ್ ಕೇಳಾಕತ್ತೇನಿ, ತಡಿಯೋ."

"ಕೇಳ್ರಿ, ಕೇಳ್ರಿ. ಅಂಗಡಿಯವ ಓಡಿ ಹೋಗ್ಯಾನ, ಸೋವಿ ಮಾಡ್ತಾನ."

ದಿನವೂ ಬಂದರು. ಮುಚ್ಚಿದ ಶಟರುಗಳ ಮುಂದೆ, ಕೊಳ್ಳಲು ಬಂದವರ ಗತ್ತಿನಲ್ಲೇ ನನ್ನನ್ನು ತಳ್ಳುತ್ತ, ಬಾಯಲ್ಲಿ ಷಟ್ಪದಿ ಗುನುಗುತ್ತಿದ್ದರು. ಅಷ್ಟು ವರ್ಷ ನಾನು ಕೇಳಿದ್ದು ರಿಯಾಯಿತಿಯ ಕೂಗು ಮಾತ್ರ. ಪದ್ಯ ಕೇಳಿದ್ದು ಅದೇ ಮೊದಲು. ಅರ್ಥ ಪೂರ್ತಿ ಹತ್ತಲಿಲ್ಲ. ಆದರೆ ಸಾಲು ಏರಿ, ತುದಿಯಲ್ಲಿ ತುಸು ನಿಂತು, ತಣ್ಣಗೆ ಇಳಿಯುವುದು ಹತ್ತಿತು. ನನ್ನ ಮುಂದಿನ ಎಡಗಾಲಿ ಕಿರ್ ಎನ್ನುತ್ತದೆ. ಅದು ಪದ್ಯದ ನಡೆಗೆ ಕೂಡಿ ಬಂದರೆ ಅವರು ತಲೆದೂಗುವರು. ತಪ್ಪಿದರೆ "ತಾಳ ಬಿಟ್ಟಿ ನೋಡು" ಎಂದು ನನ್ನನ್ನೇ ಗದರುವರು. ಕಾಲು ಬಲಿಯಿತು. ಆದರೂ ಕೈ ಬಿಡಲೊಲ್ಲರು. ಒಂದು ಕೈ ಎತ್ತಿದರೆ ಸಾಕು, ಬೆವರುವರು.

ದಸರೆಯ ಹೊತ್ತಿಗೆ ಸುದ್ದಿ ಬಂತು. ಹಬ್ಬ ಮುಗಿದ ಮೇಲೆ ಗುಜರಿಯವನು ನಮ್ಮನ್ನೆಲ್ಲ ಒಯ್ಯುತ್ತಾನೆ. ಕರಗುವ ಚಿಂತೆ ನನಗಿರಲಿಲ್ಲ. ಕುಲುಮೆಯಿಂದ ಬಂದವನು ನಾನು. ಆದರೆ ಮುರಿಗೆಪ್ಪನವರು ಇನ್ನು ಯಾವುದನ್ನು ಹಿಡಿದು ನಡೆದಾರು? ಮುಂದಿನ ಶ್ರಾವಣವೂ ತಪ್ಪಿತಲ್ಲ ಎಂದು ನನ್ನ ಸರಿಗೆ ಸರಿಗೆಯೂ ಕುಗ್ಗಿತು.

ಮಹಾನವಮಿಯ ದಿನ ಉಳಿದ ಅಂಗಡಿಯವರು ಖಂಡೆಪೂಜೆ, ಅಂದರೆ ಆಯುಧಪೂಜೆ ಮಾಡಿದರು. ತಕ್ಕಡಿ, ರೊಟ್ಟಿಯ ಹಂಚು, ಹಜರೇಸಾಬನ ಟಾರ್ಚು, ಎಲ್ಲಕ್ಕೂ ಹೂವು. ಮುರಿಗೆಪ್ಪನವರು ಪೂಜೆಗೆಂದು ತಮ್ಮ ಪುರಾಣದ ಪುಸ್ತಕವನ್ನು ಮಡಿಬಟ್ಟೆಯಲ್ಲಿ ಸುತ್ತಿ ತಂದು ನನ್ನ ಬುಟ್ಟಿಯಲ್ಲಿ ಇಟ್ಟರು. ಯಮನಕ್ಕ ನನಗೂ ಕುಂಕುಮ ಹಚ್ಚಿ, ಗಾಲಿಗೊಂದರಂತೆ ಲಿಂಬೆಹಣ್ಣು ಇಟ್ಟಳು.

"ಅದೇನ್ ಕಾರೇನ ಯಮನಕ್ಕ?" ಎಂದ ಹಜರೇಸಾಬ.

"ನಾಕ್ ಗಾಲಿ ಅದಾವಿಲ್ಲೋ? ಗಾಲಿ ಇದ್ದದ್ದಕ್ಕೆಲ್ಲ ಲಿಂಬೆಹಣ್ಣು. ಯಜಮಾನ್ರ, ಹತ್ತಸ್ರಿ ಮ್ಯಾಲೆ!"

ಕಾರಾದರೆ ಲಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿ ಮುಂದೆ ಹೋಗುತ್ತದೆ. ನನ್ನದು ಅಂಗೈಯಗಲದ ಗಾಲಿ. ಅವರು ತಳ್ಳಿದರು, ನಾನು ಅಲುಗಲಿಲ್ಲ. ಇನ್ನಷ್ಟು ತಳ್ಳಿದರು. ನಂತರ ಮೈಯೆಲ್ಲ ಬಲ ಕೂಡಿಸಿ ನೂಕಿದಾಗ ಹಣ್ಣುಗಳು ಪಟ್ಟೆಂದು ಒಡೆದವು, ನಾನು ಅವರ ಕೈಯಿಂದ ಜಿಗಿದೆ. ಅಲ್ಲಿಂದ ಮುಂದೆ ಬಾಗಿಲವರೆಗೂ ನೆಲ ಇಳಿಜಾರು. ಬುಟ್ಟಿಯಲ್ಲಿ ಪುಸ್ತಕ ಅಂಚಿಗೆ ಸರಿಯಿತು.

"ಏ, ಪೋಥಿ! ಪೋಥಿ ಬೀಳ್ತೈತಿ, ಹಿಡೀರೋ!"

ಆ ಕೂಗು ಹಿಂದಿನಿಂದ ಬಂತು, ಹತ್ತಿರವಾಗುತ್ತ ಬಂತು. ಕಂಬಕ್ಕೆ ನನ್ನ ಮೂತಿ ತಾಗಿ ಪುಸ್ತಕ ಹೊರಗೆ ಹಾರುವಷ್ಟರಲ್ಲಿ ಎರಡು ಕೈ ಬಂದು ಅದನ್ನು ಎದೆಗೆ ಅವಚಿಕೊಂಡವು. ಆ ಕೈಗಳನ್ನು ನಾನು ಬಲ್ಲೆ. ಅವರು ಏದುಸಿರು ಬಿಡುತ್ತ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹಿಂದಿರುಗಿ, ಏನನ್ನೂ ಹಿಡಿಯದೆ ತಾವು ಓಡಿ ಬಂದ ನೆಲವನ್ನು ನೋಡಿದರು.

ಶಿವಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಮದುಮಗ ಓಡಿದಂಗ ಓಡಿದ್ರಿ," ಎಂದರು.

ಅಂದು ನನಗೆ ಎಷ್ಟು ಹಗುರವೆನಿಸಿತೆಂದರೆ, ಬುಟ್ಟಿಯಿಂದ ಆಗಷ್ಟೇ ಏನೋ ಇಳಿಸಿದಂತೆ.

ಗುಜರಿಯವನು ಬಂದ. ಅಣ್ಣತಮ್ಮಂದಿರು ಬಂದಂತೆಯೇ, ಒಬ್ಬರೊಳಗೊಬ್ಬರು ತೂರಿಕೊಂಡು, ಲಾರಿಯೇರಿ ಹೋದರು. ನನ್ನನ್ನು ಯಮನಕ್ಕ ಬಿಡಲಿಲ್ಲ. "ಇದೊಂದು ಇರಲಿ ಬಿಡಪಾ, ಕುಂಕುಮ ಹಚ್ಚೇನಿ," ಎಂದು ತನ್ನ ರೊಟ್ಟಿಯ ಬುಟ್ಟಿಯನ್ನು ನನ್ನೊಳಗೆ ಇಟ್ಟಳು. ಮುರಿಗೆಪ್ಪನವರು ಕೆಲವು ದಿನ ನನ್ನ ಪಕ್ಕದಲ್ಲೇ, ಹಿಡಿಕೆ ಮುಟ್ಟದೆ ನಡೆದರು. ಆಮೇಲೆ ಬರಲಿಲ್ಲ. ಈಗ ಬೀದಿಯಲ್ಲೇ ನಡೆಯುತ್ತಾರೆಂದು ಹಜರೇಸಾಬ ಹೇಳಿದ. ಬರದವರ ಬಗ್ಗೆ ಅಷ್ಟು ಸಂತೋಷಪಟ್ಟದ್ದು ನನಗೆ ಅದೇ ಮೊದಲು.

ಮರುವರ್ಷ ಶ್ರಾವಣದ ಮೊದಲ ಸಂಜೆ ಯಮನಕ್ಕ ಪ್ರಸಾದದ ರೊಟ್ಟಿ ತುಂಬಿ ನನ್ನನ್ನು ಮಠದವರೆಗೆ ತಳ್ಳಿಕೊಂಡು ಹೋದಳು. ಬುಟ್ಟಿಯನ್ನು ಇಳಿಸಿ, ನನ್ನನ್ನು ಮೆಟ್ಟಿಲ ಬುಡದಲ್ಲಿ, ಚಪ್ಪಲಿಗಳ ನಡುವೆ ಬಿಟ್ಟಳು. ಮುರಿಗೆಪ್ಪನವರು ಬಂದರು, ಪುಸ್ತಕ ಕಂಕುಳಲ್ಲಿ. ಓಣಿಯ ಇಬ್ಬರು ಗಟ್ಟಿಗರು ಅವರನ್ನು ಹೊರಲು ತೋಳು ಮಡಚಿ ನಿಂತಿದ್ದರು. ಅವರು ಮೆಟ್ಟಿಲ ಕಡೆ ಕತ್ತೆತ್ತಿ ನೋಡಿದರು. ಒಂದು ಕೈ ಬಂದು ನನ್ನ ಹಿಡಿಕೆಯ ಮೇಲೆ ಕೂತಿತು. ಬೆವರಿರಲಿಲ್ಲ.

"ಇದಕ್ಕ ಇಲ್ಲೇ ಇರಾಕ ಹೇಳ," ಎಂದರು ಹೆಂಡತಿಗೆ. ಆ ಇಬ್ಬರಿಗೆ, "ನೀವು ಒಳಗ ಹೋಗಿ ಜಾಗಾ ಹಿಡೀರಪಾ."

ಕೈ ಬಿಟ್ಟರು. ಹತ್ತಿದರು, ನಿಂತರು, ಹತ್ತಿದರು.

ಸ್ವಲ್ಪ ಹೊತ್ತಿಗೆ ಮೇಲಿನಿಂದ ಆ ದನಿ ಬಂತು. ಸಾಲು ಏರಿತು, ತುದಿಯಲ್ಲಿ ತುಸು ನಿಂತಿತು, ತಣ್ಣಗೆ ಇಳಿಯಿತು. ಮೆಟ್ಟಿಲು ಹತ್ತುವುದು ಗಾಲಿಯವನಿಂದ ಆಗದ ಕೆಲಸ. ಇಲ್ಲಿಗೇ ಎಲ್ಲ ಕೇಳಿಸುತ್ತದೆ.