ಬೌಡಿಕಾಳ ಕೊನೆಯ ಮಾತು

"ಇಲ್ಲಿ ಮಂಡಿ ಊರ್ಬೇಕು ಗಂಗಾ. ರಾಣಿ ಸೋತಿದ್ದಾಳೆ, ರೋಮಿನೋರ ಮುಂದೆ ಕ್ಷಮೆ ಕೇಳ್ತಾಳೆ. ಅಲ್ಲಿಗೆ ನಾಟಕ ಮುಗೀತು," ಎಂದರು ಆಫೀಸಿನ ಅನಿಲ್‌ಕುಮಾರ್.

ಕಾರಿನ ವೈರು ಜೋಡಿಸುವ ವೇಮಗಲ್ಲಿನ ಆ ಕಾರ್ಖಾನೆಯ ವಾರ್ಷಿಕೋತ್ಸವಕ್ಕೆ ಇಂಗ್ಲೆಂಡಿನ ಸಾಹೇಬರೊಬ್ಬರು ಬರುವವರಿದ್ದರು. ಅವರನ್ನು ಮೆಚ್ಚಿಸಲೆಂದು ಅನಿಲ್‌ಕುಮಾರ್ ಆ ನಾಡಿನದೇ ಎರಡು ಸಾವಿರ ವರ್ಷದ ಹಳೆಯ ಕಥೆ ಹುಡುಕಿ ತಂದಿದ್ದರು. ಗಂಡ ಸತ್ತದ್ದೇ ತಡ, ಆಗ ಆ ನಾಡನ್ನು ಆಳುತ್ತಿದ್ದ ರೋಮಿನವರು ಬುಡಕಟ್ಟಿನ ರಾಣಿ ಬೌಡಿಕಾಳ ನೆಲ ಕಿತ್ತುಕೊಂಡು ಚಾಟಿಯಲ್ಲಿ ಹೊಡೆಸುತ್ತಾರೆ. ಅವಳು ಸುತ್ತಲಿನ ಬುಡಕಟ್ಟುಗಳನ್ನು ಕೂಡಿಸಿಕೊಂಡು ಅವರ ಮೂರು ಪಟ್ಟಣ ಸುಡುತ್ತಾಳೆ. ಗಂಟಲು ಜೋರೆಂದು ಪಾತ್ರ ಗಂಗಾಳಿಗೆ ಬಂದಿತ್ತು.

"ಅವ್ಳು ನಿಜವಾಗ್ಲೂ ಕ್ಷಮೆ ಕೇಳಿದ್ಲಾ ಸಾರ್?"

"ಇಲ್ಲಮ್ಮ, ವಿಷ ಕುಡಿದ್ಲು ಅಂತಾರೆ. ಫಂಕ್ಷನ್ನಲ್ಲಿ ಸಾವು ಯಾಕೆ?"

ಹಿಂದಿನ ವಾರ ಗಂಗಾಳ ಪಕ್ಕ ಕೆಲಸ ಮಾಡುವ ಮುನಿಗಂಗಮ್ಮ ಕಕ್ಕಸಿನಿಂದ ತಡವಾಗಿ ಬಂದಳೆಂದು ಸೂಪರ್‌ವೈಸರ್ ಚಂದ್ರಮೋಹನ್ ಅವಳನ್ನು ಮಧ್ಯಾಹ್ನವಿಡೀ ಬಿಸಿಲಲ್ಲಿ ನಿಲ್ಲಿಸಿದ್ದ. ಐವತ್ತು ದಾಟಿದ ಹೆಂಗಸು. ಸಂಜೆ ಊರಿಗೆ ಮರಳುವ ಹುತ್ತೂರಿನ ಬಸ್ಸಿನಲ್ಲಿ, "ಪೋನೀ ಬಿಡೇ, ಹೋಗ್ಲಿ," ಎಂದಷ್ಟೇ ತನ್ನ ತೆಲುಗು ಬೆರೆಸಿ ಹೇಳಿ ಕಿಟಕಿಗೆ ಮುಖ ತಿರುಗಿಸಿದ್ದಳು. ಇನ್ನೂರು ಹೆಂಗಸರಲ್ಲಿ ಒಬ್ಬರೂ ಸೊಲ್ಲೆತ್ತಿರಲಿಲ್ಲ. ಗಂಗಾಳೂ ಎತ್ತಿರಲಿಲ್ಲ.

ವಾರ್ಷಿಕೋತ್ಸವದ ದಿನ ರೋಮಿನ ದಳಪತಿಯಾಗಿ ರಂಗಕ್ಕೆ ಬಂದವನು ಅದೇ ಚಂದ್ರಮೋಹನ್. ರಟ್ಟಿನ ಕತ್ತಿ ಚಾಚಿ, "ಮಂಡಿ ಊರು!" ಎಂದು ಗದರಿದ. ಗಂಗಾಳ ಮೊಣಕಾಲು ಅಭ್ಯಾಸಬಲದಿಂದ ಅರ್ಧ ಬಾಗಿತು. ಅಷ್ಟರಲ್ಲಿ ನಾಲ್ಕನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಮುನಿಗಂಗಮ್ಮ ಕಂಡಳು.

ಗಂಗಾ ನೆಟ್ಟಗೆ ನಿಂತಳು.

"ಊರಲ್ಲ."

"ಲೈನು ಹೇಳಮ್ಮ!" ಪರದೆಯ ಹಿಂದಿನಿಂದ ಅನಿಲ್‌ಕುಮಾರ್ ಪಿಸುಗುಟ್ಟಿದರು.

"ವಯಸ್ಸಾದೋಳ್ನ ಬಿಸಿಲಲ್ಲಿ ನಿಲ್ಲಿಸ್ದೋನು ನೀನು. ಕ್ಷಮೆ ನೀನು ಕೇಳು, ನಾನ್ಯಾಕೆ ಕೇಳ್ಲಿ?"

ಚಂದ್ರಮೋಹನನ ಕತ್ತಿ ತಗ್ಗಿತು. ಆಗ, "ಅದೀ ಮಾಟ! ಮಾತಂದ್ರೆ ಅದು!" ಎಂದು ಮುನಿಗಂಗಮ್ಮ ಎದ್ದು ನಿಂತಳು. ಅವಳ ಸಾಲು ಎದ್ದಿತು, ಅದರ ಹಿಂದಿನದೂ. ಇದೂ ನಾಟಕವೇ ಎಂದುಕೊಂಡು ಸಾಹೇಬರು ಚಪ್ಪಾಳೆ ತಟ್ಟಿದರು.

"ನಾಳೆಯಿಂದ ಬರ್ಬೇಡ," ಎಂದರು ಅನಿಲ್‌ಕುಮಾರ್, ಬಣ್ಣ ಒರೆಸಿಕೊಳ್ಳುತ್ತಿದ್ದವಳಿಗೆ.

"ಬರ್ತೀನಿ ಸಾರ್."

ಮರುದಿನ ಬೆಳಿಗ್ಗೆ ವಾಚ್‌ಮನ್ ಆವಲಪ್ಪ ಅವಳೊಬ್ಬಳನ್ನು ತಡೆದ. "ನಂಗೆ ಆರ್ಡರ್ ಆಗೈತೆ ಕಣಮ್ಮ," ಎಂದು ಮುಖ ಸಣ್ಣದು ಮಾಡಿದ. ಬಸ್ಸಿಳಿದ ಮುನಿಗಂಗಮ್ಮ ಗೇಟಿನೊಳಕ್ಕೆ ಹೋಗದೆ ಬಂದು ಗಂಗಾಳ ಪಕ್ಕ ನಿಂತಳು. ಆಮೇಲೆ ಇನ್ನೊಬ್ಬಳು, ಮತ್ತೆ ನಾಲ್ವರು. ಎರಡನೇ ಬಸ್ಸು ಬಂದಾಗ ರಸ್ತೆಯೇ ತುಂಬಿತು.

ಎಂಟಕ್ಕೆ ಸೈರನ್ ಕೂಗಿ ನಿಂತಿತು. ಒಳಗೆ ಬರಿದೇ ಓಡುವ ಬೆಲ್ಟುಗಳ ಸದ್ದು ಗೇಟಿನವರೆಗೂ ಕೇಳಿಸುತ್ತಿತ್ತು.