ಅತ್ತೆಯ ಬಿಪಿ, ಸೊಸೆಯ ಬಾಯಿ

ಕೈಯಲ್ಲಿರುವ ಕೆಲಸವನ್ನು ಒಂದು ಗಳಿಗೆ ಬದಿಗಿಟ್ಟು ಇದನ್ನು ಪೂರ್ತಿ ಕೇಳಿಬಿಡಿ. ಅರ್ಧಕ್ಕೇ ಎದ್ದು ಹೋದರೆ ಸುಮ್ಮನೆ ಅತ್ತೆಯನ್ನೋ ಸೊಸೆಯನ್ನೋ ಬೈದುಕೊಂಡು ಹೋಗುತ್ತೀರಿ, ಅದು ಇಬ್ಬರಿಗೂ ಅನ್ಯಾಯ.

ಸೊಸೆ ನರ್ಸ್. ದೊಡ್ಡ ಆಸ್ಪತ್ರೆಯಲ್ಲಲ್ಲ, ಬೀದಿಯ ತುದಿಯಲ್ಲಿರುವ ಆರೋಗ್ಯ ಕೇಂದ್ರದಲ್ಲಿ. ಅಲ್ಲಿರುವುದೇ ಎರಡು ಕೋಣೆ, ಒಂದು ಉದ್ದನೆಯ ಬೆಂಚು, ಸದಾ ಒಂದು ಕಡೆ ವಾಲಿಕೊಂಡಿರುವ ತೂಕದ ಯಂತ್ರ. ಬೆಳಗ್ಗೆ ಗಾಯಕ್ಕೆ ಡ್ರೆಸ್ಸಿಂಗು, ಮಕ್ಕಳಿಗೆ ಲಸಿಕೆ, ಬಸುರಿಯರ ತಪಾಸಣೆ. ಮಧ್ಯಾಹ್ನದ ಮೇಲೆ ಚೀಲ ಹೆಗಲಿಗೇರಿಸಿಕೊಂಡು ಮನೆ ಮನೆ ಸುತ್ತಾಟ. ಯಾರ ಬಾಣಂತನ ಹೇಗಿದೆ, ಯಾರು ಸಕ್ಕರೆ ಕಾಯಿಲೆಯ ಮಾತ್ರೆ ನುಂಗದೆ ದಿಂಬಿನಡಿ ಸೇರಿಸಿದ್ದಾರೆ, ಎಲ್ಲ ಅವಳಿಗೆ ಗೊತ್ತು. ಹೇಗೆ ಗೊತ್ತು ಅಂದರೆ, ಮಾತಾಡಿ ಗೊತ್ತು. ಬೀದಿಯವರು ಅವಳಿಗಿಟ್ಟ ಹೆಸರು ಮಾತಿನ ಮಲ್ಲಿ. ಎದುರಿಗೆ ಮಲ್ಲಿ ಸಿಸ್ಟರ್, ಹಿಂದಿನಿಂದ ಬರೀ ಮಲ್ಲಿ. ಅವಳ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ.

ಆ ಮಾತನ್ನು ಹಗುರವಾಗಿ ನೋಡಬೇಡಿ ಮತ್ತೆ. ಸೂಜಿ ಕಂಡರೆ ಕಂಬ ತಬ್ಬಿಕೊಳ್ಳುವ ಗಟ್ಟಿ ಆಳುಗಳಿದ್ದರು ಆ ಬೀದಿಯಲ್ಲಿ. ಅವಳೊಂದು ಸುದ್ದಿ ಶುರುಮಾಡಿ, ಅದು ಮಧ್ಯಕ್ಕೆ ಬರುವಷ್ಟರಲ್ಲಿ ಇಂಜೆಕ್ಷನ್ ಮುಗಿಸಿ ಹತ್ತಿ ಒತ್ತಿರುತ್ತಿದ್ದಳು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರೂ ಅವಳ ಬಾಯಲ್ಲಿ ನಾಲ್ಕು ಮಾತು ಕೇಳೋಣ ಅಂತ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಬಿಪಿ ನೋಡುವಾಗಲೂ ಅಷ್ಟೇ. ತೋಳಿಗೆ ಪಟ್ಟಿ ಸುತ್ತಿ ಮಷೀನಿನ ಗುಂಡಿ ಒತ್ತಿದ ತಕ್ಷಣ, ಅವರು ಹೆದರಬಾರದಲ್ಲ ಅಂತ, ಏನಾದರೊಂದು ಕೇಳಿಬಿಡುತ್ತಿದ್ದಳು. ಬೀದಿಯವರೆಲ್ಲ ಮಾವ ಎನ್ನುವ ಟೈಲರ್ ಮಾವನಿಗಾದರೆ, ಮುನಿಸಿಕೊಂಡಿರುವ ಅವರ ತಮ್ಮ ಈಗಲಾದರೂ ಮಾತಾಡಿಸಿದನೋ ಅಂತ. ಮನೆಯಲ್ಲಿ ಅತ್ತೆಗಾದರೆ, ರಸ್ತೆಯಲ್ಲಿ ದಿನಾ ಅವರ ವ್ಯಾನಿಗೆ ಅಡ್ಡ ಬರುವ ಬಿಳಿ ಕಾರಿನವನು ಇವತ್ತೂ ಬಂದನೋ ಅಂತ.

ಇನ್ನು ಅತ್ತೆ. ಅತ್ತೆ ಶಾಲೆಯ ವ್ಯಾನು ಓಡಿಸುತ್ತಿದ್ದರು. ಹಳದಿ ಬಣ್ಣದ ವ್ಯಾನು, ಒಳಗೆ ಜೇನುಗೂಡಿನಂತೆ ಗುಂಯ್ಗುಡುವ ಮಕ್ಕಳು, ಮುಂದೆ ಕೂತು ಅವರೆಲ್ಲರಿಗಿಂತ ಜೋರಾಗಿ ಮಾತಾಡುವ ಅತ್ತೆ. ಯಾವ ಮಗು ಯಾವ ತಿರುವಿನಲ್ಲಿ ವಾಂತಿ ಮಾಡುತ್ತದೆ, ಯಾವುದು ಕಿಟಕಿಯಿಂದ ಬೂಟು ಎಸೆಯುತ್ತದೆ, ಎಲ್ಲ ಅವರಿಗೆ ಬಾಯಿಪಾಠ. ಮನೆಗೆ ಬಂದ ಮೇಲೂ ವ್ಯಾನಿನದೇ ಸುದ್ದಿ. ಹೀಗೆ ಒಂದೇ ಅಡುಗೆಮನೆಯಲ್ಲಿ ಎರಡು ಬಾಯಿ, ಎರಡಕ್ಕೂ ಬ್ರೇಕಿಲ್ಲ. ಮಧ್ಯೆ ಬೇಕರಿಯಲ್ಲಿ ಕೆಲಸ ಮಾಡುವ ಮಗ, ಅಂದರೆ ಮಲ್ಲಿಯ ಗಂಡ. ಅವನಿಗೆ ಮಾತು ಬರುತ್ತದೋ ಇಲ್ಲವೋ ಎಂದು ಬೀದಿಯವರಿಗೇ ಅನುಮಾನವಿತ್ತು.

ಡ್ರೈವರುಗಳು ವರ್ಷಕ್ಕೊಮ್ಮೆ ಆರೋಗ್ಯದ ಸರ್ಟಿಫಿಕೇಟು ಕೊಡಬೇಕು, ಅದು ಶಾಲೆಯ ನಿಯಮ. ಈ ಸಲ ಮಲ್ಲಿ ಅತ್ತೆಯ ಬಿಪಿ ನೋಡಿದರೆ ಜಾಸ್ತಿ. ಕೇಂದ್ರದ ಡಾಕ್ಟರಮ್ಮ ಉಪ್ಪು ಕಡಿಮೆ ಮಾಡಿ, ಕೆಲವು ವಾರ ಬಿಟ್ಟು ಬನ್ನಿ ಎಂದರು. ಕೆಲವು ವಾರ ಬಿಟ್ಟು ನೋಡಿದರೆ ಆಗಲೂ ಜಾಸ್ತಿ. ಮೂರನೇ ಸಲವೂ ಹೀಗೇ ಇದ್ದರೆ ಮಾತ್ರೆ ಶುರುಮಾಡಿ, ಅದು ಹತೋಟಿಗೆ ಬರುವವರೆಗೆ ಸ್ಟೀರಿಂಗ್ ಮುಟ್ಟುವಂತಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿದರು. ಅಷ್ಟರಲ್ಲಾಗಲೇ ಶಾಲೆಯವರು ಗೊತ್ತುಮಾಡಿದ್ದ ಬದಲಿ ಡ್ರೈವರ್ ಬಂದು, ವ್ಯಾನಿನ ಸೀಟು ಎಷ್ಟು ಹಿಂದಕ್ಕೆ ಸರಿಯುತ್ತದೆ ಅಂತ ಜಗ್ಗಿ ನೋಡಿಕೊಂಡು ಹೋಗಿದ್ದ. ಅದನ್ನು ಕಂಡ ಅತ್ತೆ ಆ ದಿನ ಊಟ ಬಿಟ್ಟರು.

ಬೀದಿಯವರಿಗೆ ತಮಾಷೆಗೆ ಇಷ್ಟು ಸಾಕಿತ್ತು. ಸೊಸೆ ಕೈಯಿಟ್ಟರೆ ಅತ್ತೆಯ ಬಿಪಿ ಏರದೆ ಇನ್ನೇನು ಇಳಿಯುತ್ತದೆಯೇ ಎಂದು ನಕ್ಕರು. ನಗದವರು ಅತ್ತೆ ಮಾತ್ರ.

"ನಿನ್ನ ಮಷೀನಿಗೆ ನನ್ನ ಮೇಲೇನೇ ಹಗೆ?" ಎಂದರು ಒಂದು ಸಂಜೆ, ವ್ಯಾನಿನ ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಾ. "ಊರವರದ್ದೆಲ್ಲ ಒಂದು ಲೆಕ್ಕ, ನಂದೇ ಒಂದು ಲೆಕ್ಕ."

ಮಲ್ಲಿಗೆ ಎರಡೂ ಕಡೆ ಇಕ್ಕಟ್ಟು. ಮಕ್ಕಳು ತುಂಬಿದ ವ್ಯಾನು, ಸುಳ್ಳು ಬರೆಯುವ ಹಾಗಿಲ್ಲ. ಆದರೆ ವ್ಯಾನಿಲ್ಲದ ಅತ್ತೆಯನ್ನು ಮನೆಯಲ್ಲಿ ಊಹಿಸಿಕೊಳ್ಳುವುದಕ್ಕೂ ಧೈರ್ಯವಿಲ್ಲ. ತನ್ನ ಕೈಲಾದದ್ದು ಅಡುಗೆ, ಸರಿ, ಅದನ್ನೇ ಹಿಡಿದಳು. ಮನೆಯಿಂದ ಉಪ್ಪನ್ನು ಹೆಚ್ಚುಕಡಿಮೆ ಗಡಿಪಾರು ಮಾಡಿದಳು. ತರಕಾರಿ ಸಪ್ಪೆ, ಮೊಟ್ಟೆ ಸಪ್ಪೆ. ಗಂಡ ಬೇಕರಿಯಿಂದ ಉಪ್ಪು ಬಿಸ್ಕತ್ತು ತಂದು ಜೇಬಿನಲ್ಲಿಟ್ಟುಕೊಂಡು ಕೂತ. ಅತ್ತೆ ಒಂದೊಂದು ತುತ್ತಿಗೂ ಸೊಸೆಯ ಮುಖ ನೋಡಿ ನುಂಗಿದರು. ನುಂಗಿದರು ಅನ್ನುವುದೇ ದೊಡ್ಡದು.

ಹೀಗಿರುವಾಗ ಶಾಲೆಯಲ್ಲಿ ಲಸಿಕೆ ಹಾಕುವ ದಿನ ಬಂತು. ಸಾಲುಗಟ್ಟಿ ನಿಂತ ಮಕ್ಕಳಲ್ಲಿ ಮೊದಲನೆಯದು ಅತ್ತರೆ ಸಾಕು, ಕೊನೆಯದಕ್ಕೂ ಅಳು ಹತ್ತಿಕೊಳ್ಳುತ್ತದೆ. ಮಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಹಾಡಿದಳು, ಕೋಳಿಯಂತೆ ಕೂಗಿದಳು, ಕಪ್ಪೆಯಂತೆ ವಟಗುಟ್ಟಿದಳು. ಲಸಿಕೆಯೆಲ್ಲ ಮುಗಿಯಿತು, ಜೊತೆಗೆ ಅವಳ ಗಂಟಲೂ. ಮರುದಿನ ಎದ್ದು ಬಾಯಿ ತೆರೆದರೆ ಗಾಳಿ ಬಂತು, ಶಬ್ದ ಬರಲಿಲ್ಲ.

ಮನೆ ಭೇಟಿಗೆ ರಜೆಯುಂಟೇ? ಚೀಲ ಹೆಗಲಿಗೇರಿಸಿ ಹೊರಟಳು. ಮೊದಲ ಮನೆಯಲ್ಲಿ ಕೈಸನ್ನೆಯಲ್ಲೇ ತೋಳು ಚಾಚಲು ಹೇಳಿ, ಪಟ್ಟಿ ಸುತ್ತಿ ಗುಂಡಿ ಒತ್ತಿದಳು. ಬಿಪಿ ಹೋದ ಸಲಕ್ಕಿಂತ ಎಷ್ಟೋ ಕಡಿಮೆ. ಒಳ್ಳೆಯದಾಯಿತು ಅಂದುಕೊಂಡಳು. ಎರಡನೆಯ ಮನೆಯಲ್ಲೂ ಕಡಿಮೆ. ಮೂರನೆಯದರಲ್ಲೂ. ಈಗ ಅವಳಿಗೆ ಖಾತ್ರಿಯಾಯಿತು, ಮಷೀನು ಕೆಟ್ಟಿದೆ. ದಾರಿಯಲ್ಲಿ ನಿಂತು ಹೊಸ ಬ್ಯಾಟರಿ ಹಾಕಿದಳು, ಪಟ್ಟಿಯ ಟ್ಯೂಬು ಸೋರುತ್ತಿದೆಯೇ ಅಂತ ಕೆನ್ನೆಗೆ ಹಿಡಿದು ನೋಡಿದಳು. ಎಲ್ಲ ನೆಟ್ಟಗಿತ್ತು.

ಕೊನೆಗೆ ಟೈಲರ್ ಮಾವನ ಅಂಗಡಿ. ಹೊಲಿಗೆ ಯಂತ್ರದ ಮೇಲೆ ಒಂದು ತೋಳು ಚಾಚಿ ಮಾವ ಕೂತರು. ಮಲ್ಲಿಯ ಬಾಯಿ ಕಟ್ಟಿದ್ದು ನೋಡಿ ಅವರಿಗೆ ಖುಷಿಯೋ ಖುಷಿ. ಗುಂಡಿ ಒತ್ತಿದಳು. ಮಾವನ ಬಿಪಿ ಮೊದಲ ಸಲ ನಾರ್ಮಲ್. ನಂಬಿಕೆಯಾಗದೆ, ಸ್ವಲ್ಪ ಹೊತ್ತು ಬಿಟ್ಟು, ಪಟ್ಟಿ ಬಿಚ್ಚದೆ ಇನ್ನೊಮ್ಮೆ ಒತ್ತಿದಳು. ಅದೇ ಹೊತ್ತಿಗೆ ಬಾಗಿಲಲ್ಲಿ ಗಿರಾಕಿಯೊಬ್ಬ ತಲೆ ತೂರಿಸಿ, ತನ್ನ ಪ್ಯಾಂಟು ಈ ಜನ್ಮದಲ್ಲಿ ಆಗುತ್ತದೆಯೋ ಇಲ್ಲವೋ ಎಂದು ಕೇಳಿದ. ಮಾವ ಸಿಡಿದೆದ್ದರು. ಬಟ್ಟೆ ಕೊಟ್ಟದ್ದು ಯಾವಾಗ, ಅಳತೆ ಕೊಡಲು ಬಂದದ್ದು ಯಾವಾಗ, ನಡುವೆ ಇವನ ಹೊಟ್ಟೆ ಬೆಳೆದದ್ದು ಎಷ್ಟು, ಎಲ್ಲ ಒಂದೇ ಉಸಿರಿನಲ್ಲಿ. ಮಷೀನು ಪೀಂ ಎಂದಿತು. ಮಲ್ಲಿ ನೋಡಿದಳು. ಬಿಪಿ ಮತ್ತೆ ಹಳೆಯ ಜಾಗಕ್ಕೇ ಹತ್ತಿ ಕೂತಿತ್ತು.

ಅಲ್ಲೇ ಚೂರುಬಟ್ಟೆಯ ರಾಶಿಯ ಮೇಲೆ ಕುಸಿದು ಕೂತಳು. ಮಷೀನು ಕೆಟ್ಟಿರಲಿಲ್ಲ, ಕೆಟ್ಟದ್ದು ತನ್ನ ನಾಲಿಗೆ. ಬಿಪಿ ನೋಡುವ ಮುಂಚೆ ಐದು ನಿಮಿಷ ಸುಮ್ಮನೆ ಕೂರಿಸಬೇಕು, ನೋಡುವಾಗ ಯಾರೂ ಮಾತಾಡಬಾರದು. ನರ್ಸಿಂಗಿನಲ್ಲಿ ಇದನ್ನು ಓದಿದ್ದಳು, ಪರೀಕ್ಷೆಯಲ್ಲಿ ಬರೆದು ಪಾಸೂ ಆಗಿದ್ದಳು. ಆದರೆ ತನ್ನದು ಮಾತಲ್ಲ, ಧೈರ್ಯ ಹೇಳುವುದು ಅಂತ ಅವಳ ನಂಬಿಕೆ. ಅದರಲ್ಲೂ ಆರಿಸಿ ಆರಿಸಿ ಕೇಳುತ್ತಿದ್ದ ಪ್ರಶ್ನೆಗಳೋ! ಮುನಿಸಿಕೊಂಡ ತಮ್ಮ, ಬಿಳಿ ಕಾರು. ಕಲ್ಲಿಗೂ ಬಿಪಿ ಬರಬೇಕು.

ಓಡಿದಳು ಕೇಂದ್ರಕ್ಕೆ. ತುಕ್ಕು ಹಿಡಿದ ಬಾಗಿಲಿನಂತೆ ಕಿರುಗುಟ್ಟುವ ದನಿಯಲ್ಲೇ ಡಾಕ್ಟರಮ್ಮನಿಗೆ ಎಲ್ಲ ಹೇಳಿದಳು. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, ಜಾಸ್ತಿ ಎಂದು ಬರೆದವರನ್ನೆಲ್ಲ ಬಾಯಿಮುಚ್ಚಿ ಇನ್ನೊಮ್ಮೆ ನೋಡಿಕೊಂಡು ಬಾ, ನಿಮ್ಮ ಅತ್ತೆಯದ್ದು ನಾನೇ ನೋಡುತ್ತೇನೆ ಎಂದರು.

"ಹಾಗಾದ್ರೆ ಇಷ್ಟು ದಿನ ನಮ್ಮನೆಯವರು, ಬೀದಿಯ ಬಿಪಿಯವರು, ಎಲ್ಲರೂ ಸಪ್ಪೆ ತಿಂದಿದ್ದು?" ಎಂದಳು ಮಲ್ಲಿ.

"ಉಪ್ಪು ಕಮ್ಮಿ ತಿಂದು ಯಾರೂ ಕೆಟ್ಟಿಲ್ಲಮ್ಮ. ಅದರಿಂದಲೂ ಸ್ವಲ್ಪ ಇಳಿದಿರಬಹುದು. ಅದರಿಂದ ಎಷ್ಟು, ನಿನ್ನ ಮೌನದಿಂದ ಎಷ್ಟು ಅಂತ ಬಿಡಿಸಿ ಹೇಳೋಕೆ ನನಗೂ ಆಗಲ್ಲ."

ಸರ್ಟಿಫಿಕೇಟಿನ ದಿನ ಬಂತು. ಅಷ್ಟರಲ್ಲಿ ಮಲ್ಲಿಯ ಗಂಟಲು ಪೂರ್ತಿ ಸರಿಹೋಗಿತ್ತು, ಅದೇ ಈಗ ಅಪಾಯ. ಅತ್ತೆ ಇಸ್ತ್ರಿ ಮಾಡಿದ ಸೀರೆಯುಟ್ಟು ಕೇಂದ್ರದ ಬೆಂಚಿನ ಮೇಲೆ ಬಂದು ಕೂತರು. ಸೆರಗಿನ ತುದಿಯಲ್ಲಿ ವ್ಯಾನಿನ ಬೀಗದ ಕೈ. ಕೂತವರೇ, ಬರುವಾಗ ಆ ಬಿಳಿ ಕಾರಿನವನು ಏನು ಮಾಡಿದ ಗೊತ್ತೇನೇ ಎಂದು ಶುರುಮಾಡಿಬಿಟ್ಟರು. ಮಲ್ಲಿಯ ಜೀವ ಹಾರಿತು. ಐದು ನಿಮಿಷ ಸುಮ್ಮನಿರಿ ಎಂದರೆ, ಯಾಕೆ ಸುಮ್ಮನಿರಬೇಕು ಅಂತಲೇ ಹತ್ತು ನಿಮಿಷ ಮಾತಾಡುವ ಹೆಂಗಸು. ಸುತ್ತ ನೋಡಿದಳು. ತೊಳೆದಿಟ್ಟ ಥರ್ಮಾಮೀಟರುಗಳು ಕಣ್ಣಿಗೆ ಬಿದ್ದವು.

"ಅತ್ತೆ, ಜ್ವರಾನೂ ನೋಡ್ಬೇಕು. ಆ ಅನ್ನಿ."

ಅತ್ತೆ ಆ ಎಂದರು. ಥರ್ಮಾಮೀಟರ್ ನಾಲಿಗೆಯಡಿ ಸೇರಿತು, ಬಿಳಿ ಕಾರು ಅಲ್ಲೇ ನಿಂತಿತು. ಆದರೆ ಮಲ್ಲಿಗೆ ತನ್ನ ಮೇಲೇ ನಂಬಿಕೆಯಿರಲಿಲ್ಲ. ಇನ್ನೊಂದನ್ನು ತೆಗೆದು ತನ್ನ ಬಾಯಿಗೂ ಇಟ್ಟುಕೊಂಡಳು.

ಆ ಐದು ನಿಮಿಷ ಆ ಮನೆತನದ ಚರಿತ್ರೆಯಲ್ಲೇ ಮೊದಲನೆಯದು. ಅತ್ತೆ ಹುಬ್ಬು ಎತ್ತಿ, ನಿನಗ್ಯಾಕೆ ಎಂದು ಕೇಳಿದರು. ಮಲ್ಲಿ ಹುಬ್ಬಿನಲ್ಲೇ, ನನಗೂ ಬೇಕು ಎಂದಳು. ಎರಡೂ ಥರ್ಮಾಮೀಟರು ಒಂದರ ಹಿಂದೊಂದು ಪೀಂ ಎಂದವು. ಅತ್ತೆ ತೆಗೆಯಲು ಕೈಯೆತ್ತಿದರೆ ಮಲ್ಲಿ ಆ ಕೈ ಹಿಡಿದು ಮಡಿಲಿಗಿಟ್ಟಳು. ಹಿಡಿದ ಕೈಯನ್ನು ಬಿಡಲು ಮರೆತಳು, ಅತ್ತೆಯೂ ಎಳೆದುಕೊಳ್ಳಲಿಲ್ಲ. ಹೊರಗೆ ಯಾರೋ ಸೈಕಲ್ಲಿನಿಂದ ಬಿದ್ದ ಸದ್ದಾಯಿತು. ಯಾರದು, ಯಾಕೆ ಬಿದ್ದರು, ಪೆಟ್ಟಾಯಿತೇ ಎಂದು ಇಬ್ಬರ ಕಣ್ಣೂ ಕಿಟಕಿಗೆ ಹಾರಿದವು, ಬಾಯಿ ಮಾತ್ರ ಬಂದ್. ಬಿದ್ದವನು ತಾನೇ ಎದ್ದು ಹೋಗುವುದು ಕಂಡಿತು. ಇಷ್ಟು ಒಳ್ಳೆಯ ಸುದ್ದಿ ಹೀಗೆ ವ್ಯರ್ಥವಾಯಿತಲ್ಲ ಎಂದು ಒಬ್ಬರ ಮುಖ ಒಬ್ಬರು ನೋಡಿದಾಗ ಅತ್ತೆಯ ಭುಜ ಕುಲುಕತೊಡಗಿತು, ಮಲ್ಲಿಯದೂ ಕುಲುಕಿತು. ಬಾಯಲ್ಲಿ ಕಡ್ಡಿ ಕಚ್ಚಿಕೊಂಡು ಅತ್ತೆ ಸೊಸೆ ಮೂಗಿನಲ್ಲೇ ನಗುತ್ತಿರುವುದನ್ನು ಡಾಕ್ಟರಮ್ಮ ಬಾಗಿಲಲ್ಲಿ ನಿಂತು ನೋಡಿದರು. ನಗು ಪೂರ್ತಿ ಅಡಗುವವರೆಗೂ ಕಾದು, ಆಮೇಲೆ ಪಟ್ಟಿ ಸುತ್ತಿದರು. ಒಮ್ಮೆ ನೋಡಿದರು, ಬಿಟ್ಟು ಇನ್ನೊಮ್ಮೆ ನೋಡಿದರು. ಎರಡು ಸಲವೂ ನಾರ್ಮಲ್.

ಸರ್ಟಿಫಿಕೇಟು ಕೈಗೆ ಬಂದದ್ದೇ ತಡ, ಅತ್ತೆ ಮೆಟ್ಟಿಲಿಳಿದು ವ್ಯಾನು ಹತ್ತಿದರು. ಬದಲಿ ಡ್ರೈವರ್ ಹಿಂದಕ್ಕೆ ತಳ್ಳಿದ್ದ ಸೀಟನ್ನು ಅಷ್ಟು ದಿನ ಹಟಕ್ಕೆ ಹಾಗೇ ಬಿಟ್ಟು ತುದಿಯಲ್ಲಿ ಕೂತು ಓಡಿಸಿದ್ದರಂತೆ, ಈಗ ಅದನ್ನು ಧಡಕ್ಕೆಂದು ಮುಂದಕ್ಕೆಳೆದರು. ಬೀದಿಗೆಲ್ಲ ಕೇಳುವಂತೆ ಹಾರನ್ ಒತ್ತಿದರು. ಟೈಲರ್ ಮಾವ ಟೇಪು ಕೊರಳಲ್ಲಿ ನೇತಾಡಿಸಿಕೊಂಡೇ ಓಡಿಬಂದರು, ಬೇಕರಿಯಿಂದ ಮಗ ಹಿಟ್ಟಿನ ಕೈಯಲ್ಲೇ ಬಂದ. ಅಕ್ಕಪಕ್ಕದವರೆಲ್ಲ ಕೂಡಿದರು.

ಮದುವೆಯಾಗಿ ಬಂದಾಗಿನಿಂದ ಮಲ್ಲಿಯ ಅಡುಗೆಗೆ ಅತ್ತೆಯ ಬಾಯಿಂದ ಒಂದು ಒಳ್ಳೆಯ ಮಾತು ಬಿದ್ದದ್ದಿಲ್ಲ. ಚೆನ್ನಾಗಿದೆ ಎಂದರೆ ಸೊಸೆ ಕೆಟ್ಟುಹೋಗುತ್ತಾಳೆ ಅಂತ ಅವರ ಲೆಕ್ಕ. ಅಂಥ ಅತ್ತೆ ಈಗ ವ್ಯಾನಿನ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಹೇಳಿದರು:

"ಮಾತ್ರೆ ಇಲ್ಲ, ಔಷಧಿ ಇಲ್ಲ, ಬರೀ ನನ್ನ ಸೊಸೆ ಕೈಯಡುಗೆ ಕಣ್ರಪ್ಪ. ಸಪ್ಪೆ ಸಪ್ಪೆ ಅಂತ ಬೈಕೊಂಡೇ ತಿಂದೆ. ಅವಳು ಅಷ್ಟು ಕಷ್ಟಪಟ್ಟು ಮಾಡಿಹಾಕದೇ ಇದ್ದಿದ್ರೆ ಈ ಗಾಡಿ ನನ್ನ ಕೈತಪ್ಪಿ ಹೋಗ್ತಿತ್ತು."

ಟೈಲರ್ ಮಾವ ಚಪ್ಪಾಳೆ ತಟ್ಟಿದರು. ತಮ್ಮ ಬಿಪಿಯೂ ಉಪ್ಪು ಬಿಟ್ಟೇ ಇಳಿದದ್ದು ಎಂದು ಎದೆಯುಬ್ಬಿಸಿದರು. ಗಂಡ ಹೆಂಡತಿಯ ಕಡೆ ನೋಡಿ ನಕ್ಕ, ಅವನು ಅಷ್ಟು ಹಲ್ಲು ಬಿಟ್ಟದ್ದನ್ನು ಯಾರೂ ಕಂಡಿರಲಿಲ್ಲ. ಮಲ್ಲಿಯ ಕಿವಿ ಬಿಸಿಯಾಯಿತು. ಮೊದಲು ಏರಿಸಿದ್ದೇ ತನ್ನ ಬಾಯಿ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು, ಒಂದು ನೂಕು ಕೊಟ್ಟರೆ ಹೊರಗೆ.

"ಏನೇ, ನಾನು ಹೇಳಿದ್ದು ಸರಿ ತಾನೇ?" ಎಂದು ಅತ್ತೆ ಎಲ್ಲರೆದುರಿಗೇ ಕೇಳಿದರು.

ಬೀದಿಗೆ ಬೀದಿಯೇ ಮಾತಿನ ಮಲ್ಲಿಯ ಬಾಯಿ ನೋಡುತ್ತಾ ನಿಂತಿತು. ಅವಳ ಕೈ ತಾನಾಗಿ ಏಪ್ರನ್ನಿನ ಜೇಬಿಗೆ ಹೋಯಿತು. ಅಲ್ಲಿ ಆ ಥರ್ಮಾಮೀಟರ್ ಇನ್ನೂ ಇತ್ತು.

ಈಗ ನೀವು ಹೇಳಿ. ಅವಳ ಜಾಗದಲ್ಲಿ ನೀವಿದ್ದಿದ್ದರೆ ಬಾಯಿ ಬಿಡುತ್ತಿದ್ದಿರೋ, ಆ ಕಡ್ಡಿಯನ್ನು ಇನ್ನೊಂದು ಐದು ನಿಮಿಷ ಬಾಯಲ್ಲಿಟ್ಟುಕೊಳ್ಳುತ್ತಿದ್ದಿರೋ?