ಶಟರ್ ರಿಪೇರಿಯವನ ಜನಾಜಾ

ಮಸೀದಿಯ ಮೆಟ್ಟಿಲಿಳಿದು, ಹೆಣ ಮಲಗಿಸಿದ ಜನಾಜಾದ ಮಂಚವನ್ನು ಇನ್ನೇನು ವ್ಯಾನಿಗೆ ಏರಿಸಬೇಕು, ಅಷ್ಟರಲ್ಲಿ ಪೇಟೆಯ ಹಳಬ, ಮುದುಕ ಅಬು ನಾಯೆಫ್ ಬಂದು ವ್ಯಾನಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಹೆಗಲ ಮೇಲೆ ತಗೊಂಡು ಹೋಗೋಣ. ಪೇಟೆ ಬೀದೀಲೇ.”

ಸತ್ತವನ ಮಗ ರಮ್ಝಿ ತಲೆ ತಗ್ಗಿಸಿದ. “ಬೇಡ ಚಿಕ್ಕಪ್ಪ. ಬಿಸಿಲು ಜಾಸ್ತಿ ಇದೆ.”

“ನಿಮ್ಮಪ್ಪನಿಗೆ ಇನ್ನು ಬಿಸಿಲೇನೋ ಮಾಡತ್ತೆ? ನಿಮ್ಮಮ್ಮ ಏನಂದ್ರು, ಮರೆತ್ಯಾ?”

ಮರೆತಿರಲಿಲ್ಲ. ಬೆಳಿಗ್ಗೆ ತಾಯಿ ಅವನ ಕೈ ಹಿಡಿದು ಒಂದೇ ಮಾತು ಕೇಳಿದ್ದಳು: “ಪೇಟೆ ಬೀದೀಲಿ ಕರ್ಕೊಂಡು ಹೋಗು ಮಗಾ. ಒಂದಾದ್ರೂ ಶಟರ್ ಇಳೀಲಿ ಅವರಿಗೆ.”

ಅಮ್ಮಾನ್ ನಗರದ ಆ ಹಳೇ ಬೀದಿಯಲ್ಲಿ ಜನಾಜಾ ಹೋಗುವಾಗ ಅಂಗಡಿಯವರು ಶಟರನ್ನು ಅರ್ಧಕ್ಕೆ ಎಳೆದು ಹೊರಗೆ ಬಂದು ನಿಲ್ಲುತ್ತಿದ್ದರು. ಒಳಗೆ ಗಿರಾಕಿ ಇದ್ದರೆ ಇರಲಿ, ಕಾಯಲಿ. ಆ ಶಟರುಗಳಿಗೆಲ್ಲ ಸ್ಪ್ರಿಂಗ್ ಕಟ್ಟಿದವನು, ಗ್ರೀಸ್ ಹಚ್ಚಿದವನು ರಮ್ಝಿಯ ಅಪ್ಪ ಅಬು ರಮ್ಝಿ. “ಜಿಪುಣನಿಗೂ ಇಳಿದಿವೆ, ಜಗಳಗಂಟನಿಗೂ ಇಳಿದಿವೆ. ನನಗೆ ಇಳೀದೆ ಎಲ್ಲಿ ಹೋಗ್ತಾವೆ?” ಎಂದು ನಗುತ್ತಿದ್ದ.

*

ಮೂರು ವರ್ಷದ ಹಿಂದೆ ಬೀದಿಗೆ ಹೊಸ ರೂಪ ಕೊಡುವವರು ಬಂದರು. ನುಣ್ಣನೆ ಕಲ್ಲು ಹಾಸಿದರು, ಕುಂಡದಲ್ಲಿ ಗಿಡ ನೆಟ್ಟರು, ಶಟರುಗಳೆಲ್ಲ ಹೋಗಬೇಕು ಅಂದರು. ಅಬು ನಾಯೆಫ್ ತನ್ನ ಹುರಿದ ಬೀಜದ ಅಂಗಡಿ ಮುಚ್ಚಿದ. ಬಾಡಿಗೆ ತಾಳಲಾರದೆ ಹಳಬರೆಲ್ಲ ಜಾಗ ಬಿಟ್ಟರು. ಕೂಲಿಯವರು ಮೊದಲ ಶಟರಿಗೆ ಕಟರ್ ಇಟ್ಟಾಗ ಅಬು ರಮ್ಝಿ ಓಡಿ ಬಂದ.

“ನಿಲ್ಸ್ರಯ್ಯಾ. ಸ್ಪ್ರಿಂಗ್ ಬಿಚ್ಚದೆ ಕುಯ್ದ್ರೆ ಕೈ ಕಿತ್ಕೊಂಡು ಹೋಗತ್ತೆ.”

ಅಂದು ಏಣಿ ಹತ್ತಿದವನು ಬೀದಿಯ ಕೊನೆಯ ಶಟರಿನ ತನಕ ತಾನೇ ಬಿಚ್ಚಿ ಕೊಟ್ಟ. ಒಂದೂ ಉಳಿಯಲಿಲ್ಲವೆಂದು ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಲಿಲ್ಲ. ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡ ಎಂದು ಜನ ಆಡಿಕೊಂಡರು. ಬಿಚ್ಚಿದ ಕಡೆಯೆಲ್ಲ ಗಾಜಿನ ಬಾಗಿಲು ಕೂರಿಸುವ ಕೆಲಸ ರಮ್ಝಿಗೆ ಸಿಕ್ಕಿತು. ಆ ಸಂಬಳದಲ್ಲೇ ಮನೆ ನಡೆಯಿತು. ಅಪ್ಪ ಮಗನಿಗೆ ಏನೂ ಅನ್ನಲಿಲ್ಲ, ಅಂದಿದ್ದರೆ ಒಳ್ಳೆಯದಿತ್ತು.

*

“ಒಂದು ಶಟರೂ ಉಳಿದಿಲ್ಲ ಚಿಕ್ಕಪ್ಪ. ಬಾಗಿಲು ಕೂರಿಸಿದ್ದು ನಾನೇ ಅಲ್ವಾ, ನಂಗೊತ್ತಿಲ್ವಾ?” ರಮ್ಝಿ ವ್ಯಾನಿನ ಬಾಗಿಲಿನ ಹಿಡಿಗೆ ಕೈ ಹಾಕಿದ.

“ಶಟರ್ ಇಲ್ದಿದ್ರೆ ಬಾಗಿಲು ಮುಚ್ತಾರೆ. ಒಳಗಿರೋರು ಮನುಷ್ಯರೇ ತಾನೆ? ಎತ್ತು.”

ಮಂಚ ಹೆಗಲೇರಿತು. ಹಿಂದೆ ಹತ್ತು ಹನ್ನೆರಡು ಜನ, ಹೆಚ್ಚಿನವರು ಮುದುಕರು. ಬೀದಿಗೆ ತಿರುಗಿದಾಗ ಕಾಫಿ ಅಂಗಡಿಯ ಮುಂದಿದ್ದವರು ಫೋನಿನಿಂದ ತಲೆ ಎತ್ತಿ, ನೋಡಿ, ಮತ್ತೆ ತಗ್ಗಿಸಿದರು. “ಮುಚ್ಚಿ ಕಣ್ರಪ್ಪಾ, ಒಂದು ಗಳಿಗೆ ಮುಚ್ಚಿ” ಎಂದು ಅಬು ನಾಯೆಫ್ ಎರಡೂ ಕಡೆ ಕೈ ಆಡಿಸುತ್ತ ಮುಂದೆ ನಡೆದ. ಯಾರಿಗೂ ಅರ್ಥವಾಗಲಿಲ್ಲ.

ಚಪ್ಪಲಿ ಅಂಗಡಿಯ ಮುಂದೆ ಬರುತ್ತಲೇ ಅದರ ಗಾಜಿನ ಬಾಗಿಲು, ಯಾರು ಎದುರಿಗೆ ಸುಳಿದರೂ ಮಾಡುವಂತೆ, ತಾನಾಗಿ ಎರಡು ಕಡೆಗೆ ಸರಿದು ತೆರೆದುಕೊಂಡಿತು. ಪಕ್ಕದ್ದೂ ತೆರೆಯಿತು. ಎದುರಿನದೂ ತೆರೆಯಿತು. ಒಳಗಿನ ತಂಪು, ಸೆಂಟಿನ ವಾಸನೆ, ಹಾಡು ಎಲ್ಲ ಬಂದು ಜನಾಜಾದ ಮೇಲೆ ಬಿತ್ತು. ರಮ್ಝಿ ಕಾಲು ಬೀಸಿ ಹಾಕಿದ. ನಡೆದಷ್ಟೂ ತೆರೆದವು.

ಕೊನೆಯ ಅಂಗಡಿಯಲ್ಲಿ ಬಟ್ಟೆ ಮಡಿಸುತ್ತಿದ್ದ ಹುಡುಗಿ, ಬಾಗಿಲು ಸರಿದ ಸದ್ದಿಗೆ, ತಲೆ ಎತ್ತದೆ ಹೇಳಿದಳು:

“ಬನ್ನಿ, ಒಳಗೆ ಬನ್ನಿ.”